ಸೈನ್ ಎಲ್ಲಿ, ಕಾಸ್ ಎಲ್ಲಿ: ಭೌತಶಾಸ್ತ್ರದ ತರಗತಿಯಲ್ಲಿ ತ್ರಿಕೋನಮಿತಿ ಎಡವುವ ಜಾಗ

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಮಳೆಗಾಲ ಮುಗಿಯುವುದರೊಳಗೆ ಈ ಲೆಕ್ಕ ಬಂದೇ ಬರುತ್ತದೆ. ನೆಲಕ್ಕೆ 30° ಓರೆಯಾಗಿರುವ ನುಣುಪು ಹಲಗೆಯ ಮೇಲೆ 2 ಕಿಲೋ ಪೆಟ್ಟಿಗೆ ಇಟ್ಟಿದೆ, ಅದನ್ನು ಹಲಗೆಯ ಗುಂಟ ಕೆಳಕ್ಕೆಳೆಯುವ ಬಲ ಎಷ್ಟು? ಸರಿಯುತ್ತರ 9.8 ನ್ಯೂಟನ್. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದು ಬಂದವರೂ ಇದಕ್ಕೆ 17 ನ್ಯೂಟನ್ ಎಂದು ಬರೆಯುವುದು ತೀರ ಸಾಮಾನ್ಯ. ಸೈನ್ ಹಾಕಬೇಕಾದಲ್ಲಿ ಕಾಸ್ ಹಾಕಿರುತ್ತಾರೆ, ಅಷ್ಟೆ. ಸೈನ್ 30 ಅಂದರೆ ಅರ್ಧ, ಕಾಸ್ 30 ಅಂದರೆ ರೂಟ್ ಮೂರು ಬೈ ಎರಡು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ಮಕ್ಕಳು ಇವರು.

ಹಾಗಾಗಿ ‘ಮಕ್ಕಳಿಗೆ ತ್ರಿಕೋನಮಿತಿ ಬರುವುದಿಲ್ಲ, ಅದಕ್ಕೇ ಭೌತಶಾಸ್ತ್ರ ಕಷ್ಟ’ ಎಂಬ ಮಾತು ಅರ್ಧ ಸುಳ್ಳು. ಸೂತ್ರ ಬರುತ್ತದೆ, ತ್ರಿಭುಜ ಎಲ್ಲಿದೆ ಎಂದು ಕಾಣುವುದಿಲ್ಲ. ಗಣಿತದ ಪುಸ್ತಕದಲ್ಲಿ ತ್ರಿಭುಜ ಬರೆದೇ ಕೊಟ್ಟಿರುತ್ತದೆ: ಲಂಬಕೋನ ಕೆಳಗೆ ಒಂದು ಮೂಲೆಯಲ್ಲಿ, ಪಾದ ಅಡ್ಡಕ್ಕೆ, ಥೀಟಾ ಎಂಬ ಕೋನ ಇನ್ನೊಂದು ಮೂಲೆಯಲ್ಲಿ. ಭೌತಶಾಸ್ತ್ರದಲ್ಲಿ ಹಲಗೆ, ಹಗ್ಗ, ಬೆಳಕಿನ ಕಿರಣ ಇವೆ. ತ್ರಿಭುಜವನ್ನು ಮಗುವೇ ಎಳೆಯಬೇಕು, ಅದೂ ಬಹಳ ಸಲ ಓರೆಯಾಗಿ ಅಥವಾ ತಲೆಕೆಳಗಾಗಿ. ಈ ಕೆಲಸವನ್ನು ಕಲಿಸುವುದು ಯಾರ ಪಾಲಿನದು ಎಂಬುದೇ ನಮ್ಮ ಪಠ್ಯಕ್ರಮದಲ್ಲಿ ತೀರ್ಮಾನವಾಗಿಲ್ಲ. ಗಣಿತದವರು ಅದು ಅನ್ವಯ ಎನ್ನುತ್ತಾರೆ, ಭೌತಶಾಸ್ತ್ರದವರು ಅದು ಗಣಿತ ಎನ್ನುತ್ತಾರೆ.

ವೇಳಾಪಟ್ಟಿಯೂ ಇದಕ್ಕೆ ತಕ್ಕ ಹಾಗಿದೆ. ರಾಜ್ಯ ಪಠ್ಯಕ್ರಮದ ಗಣಿತ, ವಿಜ್ಞಾನ ಪುಸ್ತಕಗಳು ಈಗ ಎನ್‌ಸಿಇಆರ್‌ಟಿ ಪಾಠಗಳನ್ನೇ ಆಧರಿಸಿವೆ. ಒಂಬತ್ತರಲ್ಲಿ ಬಲ, ಕೆಲಸ, ಶಕ್ತಿ ಎಲ್ಲ ಬರುತ್ತವೆ, ತ್ರಿಕೋನಮಿತಿ ಬರುವುದಿಲ್ಲ. ಆದ್ದರಿಂದ ಅಲ್ಲಿನ ಬಲಗಳೆಲ್ಲ ವಸ್ತು ಚಲಿಸುವ ದಿಕ್ಕಿನಲ್ಲೇ ಅಥವಾ ನೇರ ಎದುರು ದಿಕ್ಕಿನಲ್ಲೇ ಇರುತ್ತವೆ. ಓರೆಯಾಗಿ ಎಳೆದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಜಾಣತನದಿಂದ ತಪ್ಪಿಸಲಾಗಿದೆ. ಹತ್ತರಲ್ಲಿ ತ್ರಿಕೋನಮಿತಿ ಬಂದಾಗ ಅದರ ಉಪಯೋಗವೆಲ್ಲ ಗೋಪುರ, ಗಾಳಿಪಟ, ದೀಪಸ್ತಂಭಗಳ ಎತ್ತರಕ್ಕೆ ಮೀಸಲು. ಅದೇ ವರ್ಷ ಬೆಳಕಿನ ಪಾಠದಲ್ಲಿ ಸೈನ್ ಅನುಪಾತ ಒಮ್ಮೆ ಇಣುಕುತ್ತದೆ. ಗಣಿತದಲ್ಲಿ ಅಷ್ಟೊತ್ತಿಗೆ ಸೈನ್ ಆಗಿದೆಯೋ ಇಲ್ಲವೋ ಎಂಬುದು ಆಯಾ ಶಾಲೆಯ ಪಾಠಯೋಜನೆಗೆ ಬಿಟ್ಟದ್ದು. ಪಿಯುಸಿಗೆ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಗಣಿತದಲ್ಲಿ ಸೆಟ್ಸ್, ಆಮೇಲೆ ರಿಲೇಶನ್ಸ್ ಮತ್ತು ಫಂಕ್ಷನ್ಸ್, ಮೂರನೆಯ ಅಧ್ಯಾಯ ತ್ರಿಕೋನಮಿತಿ. ಭೌತಶಾಸ್ತ್ರದವರು ಅಷ್ಟರಲ್ಲಿ ಸಮತಲದಲ್ಲಿನ ಚಲನೆಗೆ ಕಾಲಿಟ್ಟಿರುತ್ತಾರೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದರ ಮೇಲೆ ಇಂಗ್ಲಿಷ್ ಪಾಠ ಬೇರೆ.

ಹಲಗೆಯಿಂದ ಶುರುಮಾಡಿದರೆ

ಓರೆಬಲವನ್ನು ಒಂಬತ್ತರಲ್ಲೇ ಕಲಿಸಬಹುದು, ಅದಕ್ಕೆ ಇಡೀ ತ್ರಿಕೋನಮಿತಿ ಬೇಕಿಲ್ಲ. ಬೇಕಾದದ್ದು ಎರಡೇ ಅನುಪಾತ, ಅವೂ ಅಳತೆಯಿಂದ ಬಂದವು. ಸಾಮಾನು ಇಷ್ಟು: 12 ಮಿಲಿಮೀಟರ್ ದಪ್ಪದ, ಒಂದು ಮೀಟರಿಗಿಂತ ತುಸು ಉದ್ದದ ಪ್ಲೈವುಡ್ ಹಲಗೆ, ಚಕ್ರ ಸಲೀಸಾಗಿ ತಿರುಗುವ ಒಂದು ಆಟಿಕೆ ಲಾರಿ, ಅದಕ್ಕೆ ತುಂಬಲು ಮರಳು, ಗ್ರಾಂ ಗುರುತಿರುವ ಸ್ಪ್ರಿಂಗ್ ತಕ್ಕಡಿ, ಒಂದಷ್ಟು ಇಟ್ಟಿಗೆ, ಹಳೇ ಪುಸ್ತಕ. ಮರಳು ತುಂಬಿ ಲಾರಿಯ ಒಟ್ಟು ತೂಕ ಸರಿಯಾಗಿ 1000 ಗ್ರಾಂ ಆಗುವಂತೆ ಮಾಡಿಕೊಳ್ಳಬೇಕು. ಹಲಗೆ ನೆಲ ಮುಟ್ಟುವ ಅಂಚಿನಿಂದ ಆಧಾರದ ಬಿಂದುವಿಗೆ ಸರಿಯಾಗಿ 100 ಸೆಂಟಿಮೀಟರ್ ಇರಲಿ. ಆಧಾರವನ್ನು 10, 20, 30, 40, 50 ಸೆಂಟಿಮೀಟರ್ ಎತ್ತರಕ್ಕೇರಿಸುತ್ತ, ಪ್ರತಿ ಸಲವೂ ಲಾರಿಯನ್ನು ಹಲಗೆಯ ಗುಂಟ ಹಿಡಿದು ನಿಲ್ಲಿಸಲು ತಕ್ಕಡಿ ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳುವುದು.

ಬರಬೇಕಾದ ಅಂಕಿಗಳು 100, 200, 300, 400, 500 ಗ್ರಾಂ. ಎತ್ತರ ಉದ್ದದ ಐದನೇ ಒಂದು ಭಾಗವಾದಾಗ ಎಳೆತವೂ ತೂಕದ ಐದನೇ ಒಂದು ಭಾಗ. ಎತ್ತರ ಅರ್ಧವಾದಾಗ ಎಳೆತವೂ ಅರ್ಧ. ಎತ್ತರವನ್ನು ಹಲಗೆಯ ಉದ್ದದಿಂದ ಭಾಗಿಸಿದ ಈ ಸಂಖ್ಯೆಗೆ ಸೈನ್ ಎಂಬ ಹೆಸರಿದೆ ಎಂದು ಹೇಳುವುದು ಈಗ, ಕೋಷ್ಟಕ ತುಂಬಿದ ಮೇಲೆ. ಕೋನಮಾಪಕ ಇಟ್ಟು ನೋಡಿದರೆ 20 ಸೆಂಟಿಮೀಟರಿಗೆ 11.5°, 50ಕ್ಕೆ 30° ಬರುತ್ತದೆ. ಇಲ್ಲೇ ಇನ್ನೊಂದು ಭ್ರಮೆಯೂ ಕಳಚುತ್ತದೆ. ಕೋನ ಎರಡರಷ್ಟಾದರೆ ಸೈನ್ ಕೂಡ ಎರಡರಷ್ಟು ಎಂದು ಮಕ್ಕಳು ಸಹಜವಾಗಿ ಎಣಿಸುತ್ತಾರೆ. ಹಲಗೆಯನ್ನು 60°ಗೆ ಏರಿಸಿದರೆ ಎತ್ತರ 100 ಸೆಂಟಿಮೀಟರ್ ಆಗುವುದಿಲ್ಲ, 86.6ಕ್ಕೆ ನಿಲ್ಲುತ್ತದೆ.

ಪ್ರಯೋಗ ಕೆಡುವುದು ಎಲ್ಲಿ ಎಂದು ಮೊದಲೇ ಗೊತ್ತಿದ್ದರೆ ಪಿರಿಯಡ್ಡು ಹಾಳಾಗುವುದಿಲ್ಲ. ದೊಡ್ಡ ತೊಂದರೆ ಘರ್ಷಣೆ. ಲಾರಿ ನಿಂತಿರುವಾಗ ತಕ್ಕಡಿ ಓದಿದರೆ ಒಂದೇ ಎತ್ತರಕ್ಕೆ 185 ಬರಬಹುದು, 215 ಕೂಡ ಬರಬಹುದು. ಆದ್ದರಿಂದ ನಿಧಾನವಾಗಿ, ಒಂದೇ ವೇಗದಲ್ಲಿ ಮೇಲಕ್ಕೆಳೆಯುತ್ತ ಒಮ್ಮೆ ಓದಬೇಕು, ಅದೇ ವೇಗದಲ್ಲಿ ಕೆಳಕ್ಕೆ ಬಿಡುತ್ತ ಇನ್ನೊಮ್ಮೆ ಓದಬೇಕು. ಮೇಲೇರುವಾಗ ಘರ್ಷಣೆ ಎಳೆತಕ್ಕೆ ಸೇರಿಕೊಳ್ಳುತ್ತದೆ, ಇಳಿಯುವಾಗ ಅಷ್ಟೇ ಕಳೆಯುತ್ತದೆ. ಎರಡರ ಸರಾಸರಿಯಲ್ಲಿ ಅದು ವಜಾ. ಎರಡನೆಯದು ತಕ್ಕಡಿಯ ಸೊನ್ನೆ. ಸ್ಪ್ರಿಂಗ್ ತಕ್ಕಡಿಯ ಸೊನ್ನೆ ಹೊಂದಿಸಿರುವುದು ನೆಟ್ಟಗೆ ತೂಗುಹಾಕಿದಾಗಿನ ಸ್ಥಿತಿಗೆ. ಓರೆಯಾಗಿ ಹಿಡಿದಾಗ ಕೊಕ್ಕೆಯ ಸ್ವಂತ ತೂಕ ಪೂರ್ತಿ ಎಳೆಯದೆ ಮುಳ್ಳು ಸೊನ್ನೆಯಿಂದ ಸರಿಯುತ್ತದೆ. ಲಾರಿ ಸಿಕ್ಕಿಸುವ ಮುಂಚೆ ಅದೇ ಓರೆಯಲ್ಲಿ ಹಿಡಿದು ಸೊನ್ನೆ ನೋಡಿಕೊಳ್ಳಬೇಕು. ಇನ್ನು ಹಲಗೆಯ ಪೂರ್ತಿ ಉದ್ದವನ್ನು, ಅಂದರೆ ಆಧಾರದಾಚೆ ಚಾಚಿಕೊಂಡ ತುದಿಯನ್ನೂ ಸೇರಿಸಿ, ಅಳೆಯುವವರು ಪ್ರತಿ ತಂಡದಲ್ಲೂ ಒಬ್ಬರಾದರೂ ಇರುತ್ತಾರೆ. ತೆಳು ಹಲಗೆಯಾದರೆ ನಡುವೆ ಬಾಗಿ, ಲಾರಿ ಎಲ್ಲಿದೆಯೋ ಅಲ್ಲಿನ ಓರೆಯೇ ಬೇರೆಯಾಗಿಬಿಡುತ್ತದೆ.

ಕಾಸ್ ಭಾಗವನ್ನು, ಅಂದರೆ ಲಾರಿ ಹಲಗೆಯನ್ನು ಒತ್ತುವ ಬಲವನ್ನು, ತಕ್ಕಡಿಯಲ್ಲಿ ಅಳೆಯುವುದು ಗೋಜಲು. ಇದಕ್ಕೆ ಈಗ ಮೊಬೈಲ್ ಇದೆ. ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಗುರುತ್ವವೂ ಸೇರಿದ ವೇಗೋತ್ಕರ್ಷ ತೋರಿಸುವ ಪುಟವನ್ನು ತೆರೆದು ಫೋನನ್ನು ಮೇಜಿನ ಮೇಲೆ ಮಲಗಿಸಿದರೆ ಪರದೆಗೆ ಲಂಬವಾದ ದಿಕ್ಕಿನಲ್ಲಿ 9.8ರ ಆಸುಪಾಸು, ಉದ್ದದ ದಿಕ್ಕಿನಲ್ಲಿ ಸೊನ್ನೆ ತೋರಿಸುತ್ತದೆ. ಬೆಂಗಳೂರಿನ ನಿಜವಾದ ಬೆಲೆ ಸುಮಾರು 9.78, ಸಮಭಾಜಕಕ್ಕೆ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಹಲಗೆಯನ್ನು 30°ಗೆ ಏರಿಸಿ ಫೋನನ್ನು ಅದರ ಮೇಲಿಟ್ಟರೆ ಉದ್ದದ ದಿಕ್ಕಿನಲ್ಲಿ 4.89, ಲಂಬ ದಿಕ್ಕಿನಲ್ಲಿ 8.47. ಎರಡನ್ನೂ ವರ್ಗಮಾಡಿ ಕೂಡಿಸಿ, ವರ್ಗಮೂಲ ತೆಗೆದರೆ ಮತ್ತೆ 9.78. ಸೈನ್ ವರ್ಗ ಕೂಡಿಸು ಕಾಸ್ ವರ್ಗ ಸಮ ಒಂದು ಎಂಬ ನಿತ್ಯಸಮೀಕರಣದ ಭೌತಿಕ ಅರ್ಥ ಇಷ್ಟೇ: ಓರೆ ಮಾಡಿದ ಮಾತ್ರಕ್ಕೆ ಭೂಮಿ ಎಳೆಯುವುದು ಕಮ್ಮಿಯಾಗಲಿಲ್ಲ, ಎರಡು ದಿಕ್ಕಿಗೆ ಹಂಚಿಹೋಯಿತು. ಒಂದು ಎಚ್ಚರ ಬೇಕು. ಫೋನಿನ ಕ್ಯಾಮೆರಾ ಉಬ್ಬು 2 ಮಿಲಿಮೀಟರ್ ಇದ್ದರೂ 15 ಸೆಂಟಿಮೀಟರ್ ಉದ್ದದ ಫೋನು ಮುಕ್ಕಾಲು ಡಿಗ್ರಿಯಷ್ಟು ಓರೆಯಾಗಿ ಕೂರುತ್ತದೆ. ಉಬ್ಬು ಹಲಗೆಯ ಅಂಚಿನಾಚೆ ಇರುವಂತೆ ಇಡಬೇಕು.

‘ಅಡ್ಡಕ್ಕೆ ಕಾಸ್, ಮೇಲಕ್ಕೆ ಸೈನ್’

ಮೊದಲು ಹೇಳಿದ 17 ನ್ಯೂಟನ್ ಬಂದದ್ದು ಈ ಬಾಯಿಪಾಠದಿಂದ. ಕೋನವನ್ನು ನೆಲದಿಂದ ಅಳೆದು, ಬಲವೂ ಆ ಕೋನದಲ್ಲೇ ಇದ್ದರೆ ಅದು ಸರಿ. ಇಳಿಜಾರಿನಲ್ಲಿ ತೂಕ ನೇರ ಕೆಳಕ್ಕಿದೆ. ಥೀಟಾ ಇರುವುದು ಹಲಗೆ ಮತ್ತು ನೆಲದ ನಡುವೆ. ತೂಕದ ಬಾಣಕ್ಕೂ ಹಲಗೆಗೆ ಲಂಬವಾಗಿ ಎಳೆದ ಗೆರೆಗೂ ನಡುವೆ ಅದೇ ಥೀಟಾ ಬಂದು ಕೂತಿರುತ್ತದೆ, ಹಲಗೆಯ ಗುಂಟ ಅಲ್ಲ. ಹಲಗೆ ಎಷ್ಟು ತಿರುಗಿತೋ ಅದರ ಲಂಬರೇಖೆಯೂ ಅಷ್ಟೇ ತಿರುಗಿತು ಎಂದು ಒಂದು ಸ್ಕೇಲಿಗೆ ಪೆನ್ಸಿಲ್ಲನ್ನು ಲಂಬವಾಗಿ ಹಿಡಿದು ತೋರಿಸಿದರೆ ಹತ್ತು ಸೆಕೆಂಡಿನ ಕೆಲಸ. ಕರಿಹಲಗೆಯಲ್ಲಿ ಸಮರೂಪ ತ್ರಿಭುಜದ ಸಾಧನೆ ಬರೆಯುವುದಕ್ಕಿಂತ ಇದು ವಾಸಿ.

ನಿಯಮ ಬೇಕೇಬೇಕು ಎನ್ನುವವರಿಗೆ ಒಂದೇ ನಿಯಮ ಸಾಕು: ಬಲದ ಬಾಣಕ್ಕೂ ನಮಗೆ ಬೇಕಾದ ದಿಕ್ಕಿಗೂ ನಡುವೆ ಇರುವ ಕೋನದ ಕಾಸ್. ಅಡ್ಡ, ಉದ್ದ ಎಂಬ ಪ್ರಶ್ನೆಯೇ ಇಲ್ಲ. ಬಿಡಿಸಿದ ಮೇಲೆ ತುದಿಗಳಲ್ಲಿ ಪರೀಕ್ಷೆ ಮಾಡಿಸಬೇಕು. ಕೋನ ಸೊನ್ನೆಯಾದರೆ ಹಲಗೆ ಮಟ್ಟಸ, ಪೆಟ್ಟಿಗೆ ಜಾರಬಾರದು. ನಿನ್ನ ಸೂತ್ರ ಆಗ ಸೊನ್ನೆ ಕೊಡುತ್ತದಾ? 90° ಆದರೆ ಹಲಗೆ ಗೋಡೆಯಾಯಿತು, ಪೂರ್ತಿ ತೂಕ ಬರಬೇಕು; ಬರುತ್ತದಾ? ಈ ಎರಡು ಪ್ರಶ್ನೆಯನ್ನು ಉತ್ತರಪತ್ರಿಕೆಯ ಅಂಚಿನಲ್ಲಿ ಕೇಳಿಕೊಳ್ಳುವ ಅಭ್ಯಾಸವೊಂದಿದ್ದರೆ ಸೈನ್-ಕಾಸ್ ಅದಲುಬದಲು ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಬಲೆ ತಿರುವಿನ ರಸ್ತೆಯದು. ಹಲಗೆಯ ಲೆಕ್ಕದಲ್ಲಿ ಲಂಬ ಪ್ರತಿಕ್ರಿಯೆ, ಅಂದರೆ ಹಲಗೆ ಪೆಟ್ಟಿಗೆಯನ್ನು ತಿರುಗಿ ಒತ್ತುವ ಬಲ, ತೂಕ ಗುಣಿಸು ಕಾಸ್ ಥೀಟಾ ಎಂದು ಕಲಿತ ಮಗು, ಓರೆ ಮಾಡಿದ ತಿರುವಿನಲ್ಲಿ ಓಡುವ ಕಾರಿಗೂ ಅದನ್ನೇ ಬರೆಯುತ್ತದೆ. ಚಿತ್ರ ನೋಡಿದರೆ ಎರಡೂ ಒಂದೇ ಥರ, ಇಳಿಜಾರಿನ ಮೇಲೊಂದು ವಸ್ತು. ಉತ್ತರ ಮಾತ್ರ ಬೇರೆ. ಹಲಗೆಯ ಮೇಲಿನ ಪೆಟ್ಟಿಗೆ ಜಾರುವುದು ಹಲಗೆಯ ಗುಂಟ; ಹಲಗೆಗೆ ಲಂಬವಾದ ದಿಕ್ಕಿನಲ್ಲಿ ಅದು ಚಲಿಸುವುದಿಲ್ಲ, ಆದ್ದರಿಂದ ಆ ದಿಕ್ಕಿನಲ್ಲಿ ಬಲಗಳು ಸರಿದೂಗಬೇಕು. ಕಾರಿನ ವೇಗೋತ್ಕರ್ಷ ಇರುವುದು ವೃತ್ತದ ಕೇಂದ್ರದ ಕಡೆಗೆ, ಅಂದರೆ ನೆಲಕ್ಕೆ ಸಮಾಂತರವಾಗಿ. ಅದು ಚಲಿಸದಿರುವುದು ಮೇಲೆ-ಕೆಳಗೆ. ಸರಿದೂಗಿಸಬೇಕಾದದ್ದು ಅಲ್ಲಿ: ಪ್ರತಿಕ್ರಿಯೆ ಗುಣಿಸು ಕಾಸ್ ಥೀಟಾ ಸಮ ತೂಕ. ಒಂದರಲ್ಲಿ ಕಾಸ್‌ನಿಂದ ಗುಣಿಸಿದ್ದು ಇನ್ನೊಂದರಲ್ಲಿ ಭಾಗಿಸಿದಂತಾಯಿತು. 60° ಓರೆಯಲ್ಲಿ ಮೊದಲನೆಯದು ತೂಕದ ಅರ್ಧ, ಎರಡನೆಯದು ತೂಕದ ಎರಡರಷ್ಟು. ಪರೀಕ್ಷೆಗಳಲ್ಲಿ ಬರುವ 10-12°ಗೆ ಈ ವ್ಯತ್ಯಾಸ 0.98 ಮತ್ತು 1.02; ಅದಕ್ಕೇ ತಪ್ಪು ಮಾಡಿದವರಿಗೂ ಉತ್ತರ ಹತ್ತಿರಹತ್ತಿರ ಬಂದು ತಪ್ಪು ಗೊತ್ತೇ ಆಗುವುದಿಲ್ಲ. ಎಲ್ಲಕ್ಕೂ ಮೊದಲು ವೇಗೋತ್ಕರ್ಷದ ಬಾಣ ಎಳೆದು, ಅದರ ಗುಂಟ ಒಂದು ಅಕ್ಷ, ಅದಕ್ಕೆ ಲಂಬವಾಗಿ ಇನ್ನೊಂದು ಎಂದು ಹಾಕಿದರೆ ಎರಡೂ ಲೆಕ್ಕ ತಾವಾಗಿ ದಾರಿಗೆ ಬರುತ್ತವೆ. ಅಕ್ಷ ಯಾವುದು ಎಂದು ತೀರ್ಮಾನಿಸುವುದು ಭೌತಶಾಸ್ತ್ರ, ಆಮೇಲಿನ ಸೈನ್-ಕಾಸ್ ಬರೀ ಅಂಕಗಣಿತ.

ಇದೇ ಲೆಕ್ಕವನ್ನು ನಮ್ಮೂರಿನ ಮೇಲ್ಸೇತುವೆಯ ತಿರುವಿಗೆ ಹಚ್ಚಿ ನೋಡಬಹುದು. ತಿರುವಿನ ತ್ರಿಜ್ಯ 50 ಮೀಟರ್, ವೇಗ ಗಂಟೆಗೆ 36 ಕಿಲೋಮೀಟರ್ ಅಂದರೆ ಸೆಕೆಂಡಿಗೆ 10 ಮೀಟರ್ ಎಂದಿಟ್ಟುಕೊಳ್ಳೋಣ. ಪುಸ್ತಕದ ಸೂತ್ರದಂತೆ ವೇಗದ ವರ್ಗವನ್ನು ತ್ರಿಜ್ಯ ಗುಣಿಸು 9.8ರಿಂದ ಭಾಗಿಸಿದರೆ ಟ್ಯಾನ್ ಥೀಟಾ: 100 ಭಾಗಿಸು 490, ಅಂದರೆ 0.204, ಓರೆ 11.5°. ತರಗತಿಯ ಹಲಗೆಯನ್ನು 20 ಸೆಂಟಿಮೀಟರ್ ಎತ್ತಿದಾಗಿನ ಓರೆಯೇ. ಅಷ್ಟು ವಾಲಿದ ರಸ್ತೆಯನ್ನು ಬೆಂಗಳೂರಲ್ಲಿ ಯಾರೂ ಕಂಡಿರಲಾರರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ ಬಯಲು ಪ್ರದೇಶಕ್ಕೆ ಗರಿಷ್ಠ ವಾಲಿಕೆ ಶೇ. 7, ಅಂದರೆ ಟ್ಯಾನ್ 0.07, ಓರೆ 4°. ಉಳಿದ 0.134 ಎಲ್ಲಿಂದ? ಟೈರಿನ ಘರ್ಷಣೆಯಿಂದ, ವಿನ್ಯಾಸದಲ್ಲಿ ಅಡ್ಡ ಘರ್ಷಣೆಗೆ ಹಿಡಿಯುವ ಮಿತಿ 0.15. ನಿಂತ ಲಾರಿ, ತೆವಳುವ ಬಸ್ಸು ಒಳಗಡೆಗೆ ಜಾರದಿರಲಿ ಎಂದು ವಾಲಿಕೆಯನ್ನು ಕಮ್ಮಿ ಇಡುತ್ತಾರೆ. ನಮ್ಮ ಟ್ರಾಫಿಕ್ಕಿನಲ್ಲಿ ಹೆಚ್ಚು ಹೊತ್ತು ನಡೆಯುವುದು ತೆವಳುವಿಕೆಯೇ ಆದ್ದರಿಂದ ಈ ವಿವರಣೆಗೆ ಬೇರೆ ಉದಾಹರಣೆ ಬೇಕಾಗುವುದಿಲ್ಲ.

ಎಳೆಯುವುದು, ನೂಕುವುದು

ಓರೆಬಲದಿಂದ ಮಾಡಿದ ಕೆಲಸ ಅಂದರೆ ಬಲ, ದೂರ, ಕಾಸ್ ಥೀಟಾಗಳ ಗುಣಲಬ್ಧ ಎಂದು ಹೇಳಿ ಮುಂದಕ್ಕೆ ಹೋಗುವುದು ವಾಡಿಕೆ. ಅಲ್ಲಿ ಬಿಟ್ಟುಹೋಗುವ ಸೈನ್ ಭಾಗವೇ ನಿಜಕ್ಕೂ ಸ್ವಾರಸ್ಯದ್ದು. 50 ಕಿಲೋ ಅಕ್ಕಿ ಮೂಟೆಯನ್ನು ಗೋದಾಮಿನ ನೆಲದ ಮೇಲೆ ಸರಿಸಬೇಕು, ಘರ್ಷಣಾಂಕ (ಘರ್ಷಣೆಯನ್ನು ನೆಲದ ಮೇಲಿನ ಒತ್ತಿನಿಂದ ಭಾಗಿಸಿದ್ದು) 0.4. ಹಗ್ಗ ಕಟ್ಟಿ ನೆಲಕ್ಕೆ 30° ಮೇಲ್ಮುಖವಾಗಿ ಎಳೆದರೆ ಬೇಕಾದ ಬಲ 184 ನ್ಯೂಟನ್. ಅದೇ 30°ಯಲ್ಲಿ ಹಿಂದಿನಿಂದ ಕೆಳಮುಖವಾಗಿ ನೂಕಿದರೆ 294 ನ್ಯೂಟನ್, ಒಂದೂವರೆ ಪಟ್ಟಿಗೂ ಹೆಚ್ಚು. ಎಳೆದಾಗ ಸೈನ್ ಭಾಗ ಮೂಟೆಯನ್ನು ಎತ್ತಿ ನೆಲದ ಮೇಲಿನ ಒತ್ತು ತಗ್ಗಿಸುತ್ತದೆ, ನೂಕಿದಾಗ ಅದೇ ಭಾಗ ಮೂಟೆಯನ್ನು ನೆಲಕ್ಕೆ ಅದುಮುತ್ತದೆ. ಯಶವಂತಪುರದ ಎಪಿಎಂಸಿ ಯಾರ್ಡಿನ ಹಮಾಲರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಕ್ಕಳು ಎಡವುವುದು ಘರ್ಷಣೆಯನ್ನು ತೂಕ ಗುಣಿಸು 0.4 ಎಂದು ಮೊದಲೇ 196 ನ್ಯೂಟನ್‌ಗೆ ಗಟ್ಟಿಮಾಡಿಬಿಡುವುದರಲ್ಲಿ. ಹಾಗೆ ಮಾಡಿದರೆ ಎಳೆದರೂ ನೂಕಿದರೂ 226 ನ್ಯೂಟನ್ ಬರುತ್ತದೆ, ಎರಡೂ ತಪ್ಪು. ಮೊದಲು ಮೇಲೆ-ಕೆಳಗಿನ ಸಮೀಕರಣ, ಅದರಿಂದ ಪ್ರತಿಕ್ರಿಯೆ, ಅದರಿಂದ ಘರ್ಷಣೆ, ಕೊನೆಗೆ ಅಡ್ಡ ಸಮೀಕರಣ. ಈ ಕ್ರಮ ತಪ್ಪಬಾರದು.

ಎಸೆದ ವಸ್ತುವಿನ ಚಲನೆಯಲ್ಲಿ ಇನ್ನೊಂದು ತೊಡಕು. ಬೀಳುವ ದೂರದ ಸೂತ್ರದಲ್ಲಿ ಸೈನ್ 2 ಥೀಟಾ ಬರುತ್ತದೆ, ಗಣಿತದಲ್ಲಿ ಆ ನಿತ್ಯಸಮೀಕರಣ ಇನ್ನೂ ಆಗಿರುವುದಿಲ್ಲ. ಅದಕ್ಕೆ ಕಾಯಬೇಕಾಗಿಯೂ ಇಲ್ಲ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ 30°ಗೆ ಎಸೆದರೆ ಅಡ್ಡ ವೇಗ 8.66, ಮೇಲಿನ ವೇಗ 5. ಗಾಳಿಯಲ್ಲಿರುವ ಹೊತ್ತು 1.02 ಸೆಕೆಂಡ್. 60°ಗೆ ಎಸೆದರೆ ಅಡ್ಡ ವೇಗ 5, ಮೇಲಿನ ವೇಗ 8.66; ಹೊತ್ತು 1.77 ಸೆಕೆಂಡ್. ಎರಡರಲ್ಲೂ ದೂರ 8.84 ಮೀಟರ್. ಎರಡು ಅಂಕಿಗಳು ಜಾಗ ಬದಲಿಸಿಕೊಂಡವು, ಗುಣಲಬ್ಧ ಅದೇ ಉಳಿಯಿತು. 45°ಗೆ ದೂರ ಗರಿಷ್ಠ ಏಕೆ ಎಂಬುದೂ ಇಲ್ಲಿಂದಲೇ ಊಹೆಗೆ ಸಿಗುತ್ತದೆ. ಸೂತ್ರ ಆಮೇಲೆ ಬರಲಿ.

ಬೆಳಕಿನ ಪಾಠ

ಹತ್ತನೆಯ ತರಗತಿಯ ಗಾಜಿನ ಚಪ್ಪಡಿಯ ಪ್ರಯೋಗ ಎಲ್ಲ ಶಾಲೆಯಲ್ಲೂ ನಡೆಯುತ್ತದೆ. ಸೈನ್ ಯಾಕೆ ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಪತನಕೋನ 30, 45, 60 ಇಟ್ಟರೆ 1.5 ವಕ್ರೀಭವನ ಸೂಚ್ಯಂಕದ ಗಾಜಿನಲ್ಲಿ ವಕ್ರೀಭವನ ಕೋನ 19.5, 28.1, 35.3 ಡಿಗ್ರಿ. ಕೋನವನ್ನು ಕೋನದಿಂದಲೇ ಭಾಗಿಸಿ ನೋಡಲಿ: 1.54, 1.60, 1.70. ಏರುತ್ತಾ ಹೋಗುತ್ತದೆ, ಸ್ಥಿರವಲ್ಲ. ಈಗ ಪತನಬಿಂದುವನ್ನು ಕೇಂದ್ರ ಮಾಡಿ 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆದು, ಎರಡೂ ಕಿರಣಗಳು ವೃತ್ತವನ್ನು ಕತ್ತರಿಸುವ ಬಿಂದುಗಳಿಂದ ಲಂಬರೇಖೆಗೆ ಇರುವ ದೂರ ಅಳೆಯಲಿ. 30°ಗೆ 5 ಸೆಂಟಿಮೀಟರ್ ಮತ್ತು 3.33, 60°ಗೆ 8.66 ಮತ್ತು 5.77. ಭಾಗಿಸಿದರೆ ಎರಡು ಸಲವೂ 1.5. ತ್ರಿಜ್ಯ 10 ಇಟ್ಟದ್ದರಿಂದ ಸ್ಕೇಲಿನ ಅಂಕಿಯಲ್ಲಿ ದಶಮಾಂಶ ಬಿಂದುವನ್ನು ಒಂದು ಮನೆ ಸರಿಸಿದರೆ ಅದೇ ಸೈನ್. ಕೋನಮಾಪಕ, ಸೈನ್ ಕೋಷ್ಟಕ ಎರಡೂ ಬೇಡ. ಆರ್ಯಭಟನ ಕೋಷ್ಟಕದಲ್ಲಿ ಇರುವುದೂ ಇಂಥ ಅರ್ಧಜ್ಯಾಗಳ (ವೃತ್ತದ ಜ್ಯಾದ ಅರ್ಧಗಳ) ಉದ್ದ ಒಂದರಿಂದ ಇನ್ನೊಂದಕ್ಕೆ ಏರುವ ವ್ಯತ್ಯಾಸಗಳೇ, ತ್ರಿಜ್ಯ 3438 ಎಂದಿಟ್ಟುಕೊಂಡು, 3.75° ಅಂತರದಲ್ಲಿ.

ಸಣ್ಣ ಕೋನಗಳನ್ನು ಆರಿಸಿಕೊಂಡರೆ ಈ ಪ್ರಯೋಗ ಕೈಕೊಡುತ್ತದೆ. ಪತನಕೋನ 10° ಇದ್ದಾಗ ವಕ್ರೀಭವನ ಕೋನ 6.6°, ಅಲ್ಲಿ ಒಂದು ಡಿಗ್ರಿ ತಪ್ಪಾದರೆ ಸೂಚ್ಯಂಕ 1.5ರ ಬದಲು 1.3 ಬಂದು ಗಾಜು ನೀರಾಗಿಬಿಡುತ್ತದೆ. 60°ಯಲ್ಲಿ ಅದೇ ಒಂದು ಡಿಗ್ರಿ ತಪ್ಪಿಗೆ ಬರುವುದು 1.46. ಗುಂಡುಸೂಜಿಗಳ ನಡುವೆ ಕನಿಷ್ಠ 5 ಸೆಂಟಿಮೀಟರ್ ಅಂತರ ಇರಲಿ, ನೋಡುವಾಗ ತಲೆಯನ್ನಲ್ಲ ಬುಡವನ್ನು ಒಂದೇ ಗೆರೆಗೆ ತರಲಿ, ಏಕೆಂದರೆ ಸೂಜಿಗಳು ಸದಾ ಸ್ವಲ್ಪ ವಾಲಿರುತ್ತವೆ. ಕೋನವನ್ನು ಲಂಬರೇಖೆಯಿಂದ ಅಳೆಯದೆ ಗಾಜಿನ ಮೈಯಿಂದ ಅಳೆದವರ ಅನುಪಾತ ಒಂದಕ್ಕಿಂತ ಕಮ್ಮಿ ಬರುತ್ತದೆ. ಅದನ್ನು ಹೊಡೆದುಹಾಕಿಸುವ ಮುಂಚೆ ಯಾಕೆ ಹಾಗಾಯಿತು ಎಂದು ಕೇಳುವುದು ಒಳ್ಳೆಯದು.

ಲಂಬರೇಖೆಯಿಂದಲೋ ಮೈಯಿಂದಲೋ ಎಂಬ ಗೊಂದಲ ಚಾವಣಿಯ ಸೌರಫಲಕದಲ್ಲೂ ಅದೇ ರೂಪದಲ್ಲಿ ಬರುತ್ತದೆ. ಬೆಂಗಳೂರು ಇರುವುದು 13° ಉತ್ತರ ಅಕ್ಷಾಂಶದಲ್ಲಿ. ಮೈದಾನದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಕೋಲಿನ ನಡುಹಗಲ ನೆರಳು ಡಿಸೆಂಬರ್ 21ಕ್ಕೆ ಉತ್ತರಕ್ಕೆ 74 ಸೆಂಟಿಮೀಟರ್, ಮಾರ್ಚ್ 21ರ ಸುಮಾರಿಗೆ 23, ಏಪ್ರಿಲ್ 24ರ ಆಸುಪಾಸು ಸೊನ್ನೆ, ಜೂನ್ 21ಕ್ಕೆ ತಿರುಗಿ ದಕ್ಷಿಣಕ್ಕೆ 18 ಸೆಂಟಿಮೀಟರ್, ಆಗಸ್ಟ್ 18ರ ಹೊತ್ತಿಗೆ ಮತ್ತೆ ಸೊನ್ನೆ. ಇಲ್ಲಿ ನಡುಹಗಲೆಂದರೆ ಗಡಿಯಾರದ 12 ಗಂಟೆಯಲ್ಲ. ಭಾರತೀಯ ಕಾಲಮಾನದ ರೇಖೆ 82.5° ಪೂರ್ವಕ್ಕಿದೆ, ಬೆಂಗಳೂರು 77.6°ಯಲ್ಲಿದೆ, ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನೆತ್ತಿಗೆ ಬರುವುದು ಸುಮಾರು 12:20ಕ್ಕೆ. ಏಪ್ರಿಲ್ 24ಕ್ಕೆ 12:18ರ ಆಸುಪಾಸು, ಆಗಸ್ಟ್ 18ಕ್ಕೆ 12:24. ಸರಿಯಾಗಿ 12ಕ್ಕೆ ಹೋಗಿ ನಿಂತವರಿಗೆ ಶೂನ್ಯ ನೆರಳಿನ ದಿನವೂ ನೆರಳು ಕಾಣುತ್ತದೆ.

ಈ ಅಂಕಿಗಳಿಂದ ಫಲಕದ ಲೆಕ್ಕಕ್ಕೆ ಒಂದೇ ಹೆಜ್ಜೆ. ಫಲಕಕ್ಕೆ ಬೀಳುವ ನೇರ ಬಿಸಿಲಿನ ಪ್ರಮಾಣ ಕಿರಣಕ್ಕೂ ಫಲಕದ ಲಂಬರೇಖೆಗೂ ನಡುವಿನ ಕೋನದ ಕಾಸ್. ಮಟ್ಟಸವಾಗಿ ಹಾಸಿದ ಫಲಕಕ್ಕೆ ಡಿಸೆಂಬರಿನ ನಡುಹಗಲಲ್ಲಿ 0.80, ದಕ್ಷಿಣಕ್ಕೆ 13° ವಾಲಿಸಿದರೆ 0.92. ಜೂನಿನಲ್ಲಿ ಮಟ್ಟಸವಾದುದಕ್ಕೆ 0.98, ವಾಲಿಸಿದ್ದಕ್ಕೆ 0.92. ಚಳಿಗಾಲದಲ್ಲಿ ಸಿಕ್ಕುವ ಲಾಭ ಮಳೆಗಾಲದಲ್ಲಿ ಆಗುವ ನಷ್ಟಕ್ಕಿಂತ ಹೆಚ್ಚು. ಜೂನ್-ಜುಲೈಯಲ್ಲಿ ಹೇಗೂ ಮೋಡ. ನಗರದ ಚಾವಣಿಗಳ ಮೇಲೆ ಫಲಕಗಳು ದಕ್ಷಿಣಕ್ಕೆ ಅಷ್ಟೇ ವಾಲಿಕೊಂಡಿರುವುದಕ್ಕೆ ಕಾರಣ ಇದು. ದ್ವಿತೀಯ ಪಿಯುಸಿಯಲ್ಲಿ ಕಾಂತೀಯ ಪ್ರವಾಹದ ಸೂತ್ರ ಬಂದಾಗ ಅದೇ ಕಾಸ್, ಅದೇ ಲಂಬರೇಖೆ. ಬಿಸಿಲಿನ ಜಾಗದಲ್ಲಿ ಕಾಂತಕ್ಷೇತ್ರ ಅಷ್ಟೆ.

ಡಿಗ್ರಿ-ರೇಡಿಯನ್ನಿನದು ಚಿಕ್ಕ ವಿಷಯ, ಕಾಟ ದೊಡ್ಡದು. ಫೋನಿನ ಕ್ಯಾಲ್ಕುಲೇಟರು ರೇಡಿಯನ್ನಿನಲ್ಲಿದ್ದರೆ ಸೈನ್ 30ಕ್ಕೆ ಮೈನಸ್ 0.988 ತೋರಿಸುತ್ತದೆ. ಯಾವುದೇ ಲೆಕ್ಕಕ್ಕೆ ಮುಂಚೆ ಸೈನ್ 30 ಒತ್ತಿ 0.5 ಬಂತೇ ಎಂದು ನೋಡುವುದು ಸಾಕು. ಲೋಲಕದ ಪಾಠದಲ್ಲಿ ಮಾತ್ರ ರೇಡಿಯನ್ ಅನಿವಾರ್ಯ: 10° ಅಂದರೆ 0.1745 ರೇಡಿಯನ್, ಅದರ ಸೈನ್ 0.1736, ವ್ಯತ್ಯಾಸ ಶೇ. ಅರ್ಧ, 30°ಗೆ ಶೇ. 4.7. ಲೋಲಕವನ್ನು ಸಣ್ಣ ಕೋನಕ್ಕೆ ಮಾತ್ರ ತೂಗಬೇಕು ಎಂಬ ಸೂಚನೆಯ ಹಿಂದಿರುವುದು ಈ ಎರಡು ಅಂಕಿ. ಕೋಚಿಂಗ್ ತರಗತಿಗಳಲ್ಲಿ ಸೈನ್ 37 ಸಮ 0.6 ಎಂದು ಹೇಳಿಕೊಡುವುದೂ ಹಾಗೆಯೇ ಒಂದು ಅಂದಾಜು. 3-4-5 ತ್ರಿಭುಜದ ನಿಜವಾದ ಕೋನ 36.87°. ಸಿಇಟಿಗೆ ಸಾಕು, ಪ್ರಯೋಗಾಲಯದ ಪುಸ್ತಕದಲ್ಲಿ ಬರೆಯುವುದಕ್ಕಲ್ಲ.

ಪಾಠದ ಕ್ರಮ ಬದಲಿಸುವುದು ಎಲ್ಲಿ ಸಾಧ್ಯ? ಪಿಯು ಕಾಲೇಜಿನಲ್ಲಿ ಗಣಿತಕ್ಕೊಬ್ಬರು, ಭೌತಶಾಸ್ತ್ರಕ್ಕೊಬ್ಬರು ಉಪನ್ಯಾಸಕರು. ಇಬ್ಬರ ಪಾಠಯೋಜನೆ ಹೊಂದಿಸುವುದು ಸುಲಭವಲ್ಲ. ರಾಜ್ಯದ ಪ್ರೌಢಶಾಲೆಗಳಲ್ಲಿ ಹಾಗಿಲ್ಲ. ಪಿಸಿಎಂ ಹುದ್ದೆಯ ಶಿಕ್ಷಕರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರುತ್ತವೆ, ಬಹಳ ಕಡೆ ಒಂದೇ ತರಗತಿಗೆ ಒಬ್ಬರೇ. ಸರ್ಕಾರಿ ಶಾಲೆಗೆ ಇರುವ ಈ ಅನುಕೂಲ ವಿಷಯಕ್ಕೊಬ್ಬರಂತೆ ಶಿಕ್ಷಕರಿರುವ ದೊಡ್ಡ ಖಾಸಗಿ ಶಾಲೆಗಳಿಗೆ ಇಲ್ಲ. ಒಂಬತ್ತರಲ್ಲಿ ಬಲದ ಪಾಠ ಮುಗಿದ ಮೇಲೆ ಎರಡು ಪಿರಿಯಡ್ಡು ಹಲಗೆಗೆ. ಹತ್ತರಲ್ಲಿ ತ್ರಿಕೋನಮಿತಿಯ ಮೊದಲ ಪಿರಿಯಡ್ಡನ್ನು ಬೆಳಕಿನ ಪಾಠಕ್ಕಿಂತ ಮುಂಚೆಯೇ ತಂದು ವೃತ್ತದ ಅಳತೆಯಿಂದಲೇ ಶುರು. ನಿತ್ಯಸಮೀಕರಣಗಳ ಸಾಧನೆ ಅದರ ಜಾಗದಲ್ಲೇ ಇರಲಿ, ಭೌತಶಾಸ್ತ್ರಕ್ಕೆ ಸದ್ಯಕ್ಕೆ ಅದರ ಹಂಗಿಲ್ಲ. 0, 30, 45, 60, 90ರ ಕೋಷ್ಟಕ ಕೊಡುವಾಗ ಪಕ್ಕದಲ್ಲಿ 11.5, 23, 70ರಂಥ ಕೋನಗಳನ್ನೂ ಅಳೆಸಿ ಬರೆಸಬೇಕು, ಇಲ್ಲದಿದ್ದರೆ ಸೈನ್ ಇರುವುದು ಐದೇ ಕೋನಕ್ಕೆ ಎಂದು ತಿಳಿದುಕೊಂಡು ಪಿಯುಸಿಗೆ ಬರುತ್ತಾರೆ. ಪರೀಕ್ಷೆಯ ಪ್ರಶ್ನೆಯಲ್ಲಿ ಒಂದೇ ಒಂದು ಬದಲಾವಣೆ ಸಾಕು: ಚಿತ್ರವನ್ನು ಕೊಡದೆ ಬರೆಯಲು ಹೇಳಿ, ಬಾಣ ಮತ್ತು ಕೋನ ಸರಿಯಾದ ಜಾಗದಲ್ಲಿದ್ದರೆ ಅದಕ್ಕೇ ಒಟ್ಟು ಅಂಕದ ಅರ್ಧ ಮೀಸಲಿಡುವುದು.